ನೋಡಿದ್ದನ್ನು ಬರೆದಿಡೋಣ: ಹೋಮ್ಸ್ ಧೂಮಕೇತು ಮತ್ತು ಹವ್ಯಾಸಿ ವೀಕ್ಷಕರು



ಧೂಮಕೇತುಗಳು ಇದ್ದಕ್ಕಿದ್ದಂತೆ ಭುಗಿಲೆದ್ದು ಬೆಳಗುವ ವಿದ್ಯಮಾನ, ಅದನ್ನು ಗಮನಿಸುವಲ್ಲಿ ಹವ್ಯಾಸಿಗಳ ಪಾತ್ರ, ಇವೆರಡೂ ಈ ವಿಚಾರ ಸಂಕಿರಣದ ವಸ್ತು. ಇದರ ಆಶಯವನ್ನು ತಮ್ಮ ಮುಂದಿಡುವ ಹೊಣೆಯನ್ನು ಸಂಘಟಕರು ನನಗೆ ವಹಿಸಿದ್ದಾರೆ. ನಾನು ಹೇಳಬೇಕಾದದ್ದು ಒಂದೇ ಮಾತು. ಆಕಾಶ ನೋಡುವ ಹುಮ್ಮಸ್ಸು ನಮ್ಮಲ್ಲಿ ಬೇಕಾದಷ್ಟಿದೆ; ನೋಡಿದ್ದನ್ನು ಆಗಿಂದಾಗಲೇ, ಕ್ರಮಬದ್ಧವಾಗಿ ಬರೆದಿಡುವ ಶಿಸ್ತನ್ನು ನಾವಿನ್ನೂ ಬೆಳೆಸಿಕೊಳ್ಳಬೇಕಾಗಿದೆ. ಹಾಗೆ ಬರೆದಿಟ್ಟಾಗ ಮಾತ್ರ ನಮ್ಮ ನೋಟ ವಿಜ್ಞಾನಕ್ಕೆ ಒದಗುತ್ತದೆ. 17ಪಿ ಹೋಮ್ಸ್ ಧೂಮಕೇತುವಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಈ ಧೂಮಕೇತುವನ್ನು ಕಂಡುಹಿಡಿದವರೇ ಒಬ್ಬ ಹವ್ಯಾಸಿ. 1892ರ ನವೆಂಬರ್ 6ರಂದು ಲಂಡನ್ನಿನ ಎಡ್ವಿನ್ ಹೋಮ್ಸ್ ಆಂಡ್ರೊಮಿಡಾ ಗೆಲಾಕ್ಸಿಯನ್ನು ನೋಡಲು ದೂರದರ್ಶಕ ತಿರುಗಿಸಿದಾಗ ಅದರ ಸಮೀಪ ಈ ಹೊಸ ಮಬ್ಬು ಕಾಯ ಕಣ್ಣಿಗೆ ಬಿತ್ತು. ಆಗ ಅದು ಭುಗಿಲೆದ್ದ ಸ್ಥಿತಿಯಲ್ಲಿತ್ತು, ಆದ್ದರಿಂದಲೇ ಕಂಡಿತು. ಕೆಲವು ವಾರಗಳಲ್ಲಿ ಮಂಕಾಗಿ, 1893ರ ಜನವರಿಯಲ್ಲಿ ಮತ್ತೊಮ್ಮೆ ಬೆಳಗಿತು. 1906ರ ಬಳಿಕ ಯಾರ ಕಣ್ಣಿಗೂ ಬೀಳಲಿಲ್ಲ. ಗುರುಗ್ರಹದ ಸೆಳೆತದಿಂದ ಅದರ ಕಕ್ಷೆ ಬದಲಾಗಿತ್ತು. ಖಗೋಳವಿಜ್ಞಾನಿ ಬ್ರಯನ್ ಮಾರ್ಸ್‌ಡನ್ ಕಕ್ಷೆಯನ್ನು ಮತ್ತೆ ಲೆಕ್ಕಹಾಕಿಕೊಟ್ಟ ಮೇಲೆ, 1964ರಲ್ಲಿ ಖಗೋಳವಿಜ್ಞಾನಿ ಎಲಿಜಬೆತ್ ರೋಮರ್ ಅದನ್ನು ಪುನಃ ಪತ್ತೆಹಚ್ಚಿದರು. ಅಲ್ಲಿಂದ ಮುಂದೆ ಸುಮಾರು 6.9 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುವ, ದೊಡ್ಡ ದೂರದರ್ಶಕಗಳಿಗೆ ಮಾತ್ರ ಎಟುಕುವ ಸಾಧಾರಣ ಧೂಮಕೇತುವಾಗಿ ಅದು ಪಟ್ಟಿಯಲ್ಲಿ ಉಳಿಯಿತು.

2007ರ ಅಕ್ಟೋಬರ್ 23–24ರಂದು ಎಲ್ಲವೂ ಬದಲಾಯಿತು. 17ನೇ ಕಾಂತಿಮಾನದಲ್ಲಿದ್ದ ಹೋಮ್ಸ್ ಎರಡು ದಿನಗಳೊಳಗೆ 2.8ಕ್ಕೆ ಏರಿತು. ಕಾಂತಿಮಾನದ ಅಂಕಿ ಇಳಿದಂತೆ ಬೆಳಕು ಹೆಚ್ಚುತ್ತದೆ. ಈ ವ್ಯತ್ಯಾಸವೆಂದರೆ ಹೆಚ್ಚುಕಡಿಮೆ 5 ಲಕ್ಷ ಪಟ್ಟು ಪ್ರಕಾಶ. ಮೊದಲು ಗಮನಿಸಿದವರು ಕ್ಯಾನರಿ ದ್ವೀಪಗಳ ಟೆನೆರಿಫ್‌ನ ಹೆನ್ರಿಕೆಸ್ ಸಾಂಟಾನಾ. ಅದಾದ ಕೆಲವೇ ನಿಮಿಷಗಳಲ್ಲಿ ಬಾರ್ಸಿಲೋನಾದ ರಾಮೋನ್ ನಾವೆಸ್. ಸುದ್ದಿ ಹಬ್ಬಿತು. ಹುಣ್ಣಿಮೆಯ ಬೆಳದಿಂಗಳನ್ನೂ ಲೆಕ್ಕಿಸದೆ ಪರ್ಸಿಯಸ್ ಪುಂಜದಲ್ಲಿ, ಅಂದರೆ ನಮ್ಮ ಪಾರ್ಥ ನಕ್ಷತ್ರಪುಂಜದಲ್ಲಿ, ಹೊಸದೊಂದು ಹಳದಿ ಚುಕ್ಕೆ ಬರಿಗಣ್ಣಿಗೆ ಕಾಣತೊಡಗಿತು. ಕರ್ನಾಟಕದ ಆಕಾಶದಲ್ಲಿ ಅಕ್ಟೋಬರ್ ಕೊನೆಗೆ ಆ ಪುಂಜ ರಾತ್ರಿಯ ಊಟದ ಹೊತ್ತಿಗೆ ಈಶಾನ್ಯದಲ್ಲಿ ಮೇಲೇರುತ್ತಿರುತ್ತದೆ.

ಮುಂದಿನ ದಿನಗಳಲ್ಲಿ ಆ ಚುಕ್ಕೆ ದುಂಡನೆಯ ಬಿಲ್ಲೆಯಾಯಿತು. ಧೂಮಕೇತುವಿನ ಗಟ್ಟಿ ನಡುಭಾಗವಾದ ನಾಭಿಯಿಂದ ಸಿಡಿದ ಧೂಳು ಸೆಕೆಂಡಿಗೆ ಸುಮಾರು ಅರ್ಧ ಕಿಲೋಮೀಟರ್ ವೇಗದಲ್ಲಿ ಹರಡುತ್ತಿತ್ತು. ನವೆಂಬರ್ 9ರ ವೇಳೆಗೆ ಅದರ ಕೋಮಾದ, ಅಂದರೆ ನಾಭಿಯನ್ನು ಸುತ್ತುವರಿದ ಧೂಳು-ಅನಿಲಗಳ ಮೋಡದ, ವ್ಯಾಸ ಸೂರ್ಯನ ವ್ಯಾಸವನ್ನೂ ಮೀರಿತ್ತು. ಇಷ್ಟಕ್ಕೂ ಒಳಗಿದ್ದ ನಾಭಿ ಕೇವಲ ಮೂರೂವರೆ ಕಿಲೋಮೀಟರಿನಷ್ಟು ಅಗಲದ್ದು. ಜನ ನಿರೀಕ್ಷಿಸಿದ ಉದ್ದನೆಯ ಬಾಲ ಕಾಣಲಿಲ್ಲ. ಧೂಮಕೇತು ಸೂರ್ಯನಿಗೆ ಬಹುಮಟ್ಟಿಗೆ ಎದುರು ದಿಕ್ಕಿನಲ್ಲಿದ್ದುದರಿಂದ ಬಾಲವು ಅದರ ಬೆನ್ನ ಹಿಂದೆಯೇ ಅಡಗಿತ್ತು.

ಹೀಗೇಕಾಯಿತು? ಧೂಮಕೇತುವಿನ ಒಳಗಿನ ಹಿಮದ ಒಂದು ಭಾಗಕ್ಕೆ ಹರಳಿನ ರಚನೆ ಇರುವುದಿಲ್ಲ. ಬಿಸಿ ತಾಗಿದಾಗ ಅದು ಹರಳುಗಟ್ಟುತ್ತದೆ. ಆಗ ಶಾಖ ಹೊಮ್ಮುತ್ತದೆ, ಜೊತೆಗೆ ಸೆರೆಯಾಗಿದ್ದ ಕಾರ್ಬನ್ ಮಾನಾಕ್ಸೈಡ್‌ನಂಥ ಅನಿಲಗಳೂ ಬಿಡುಗಡೆಯಾಗುತ್ತವೆ. ಒತ್ತಡ ಹೆಚ್ಚಿ ಮೇಲಿನ ಹೊರಪದರವನ್ನು ಕಿತ್ತೆಸೆಯುತ್ತದೆ ಎಂಬುದು ಹೆಚ್ಚು ಮಂದಿ ಒಪ್ಪುವ ವಿವರಣೆ. ಧೂಮಕೇತುವನ್ನೇ ಸುತ್ತುತ್ತಿದ್ದ ಪುಟ್ಟ ಉಪಗ್ರಹವೊಂದು ನಾಭಿಗೆ ಬಡಿದಿರಬೇಕು ಎಂದು 1892ರ ಘಟನೆಯ ಬಗ್ಗೆ ಖಗೋಳವಿಜ್ಞಾನಿ ಫ್ರೆಡ್ ವಿಪಲ್ ಹಿಂದೆ ಸೂಚಿಸಿದ್ದರು. ಅಂಥ ಉಪಗ್ರಹ 1893ರಲ್ಲೇ ನಾಶವಾಗಿದ್ದರೆ 2007ರ ಘಟನೆಗೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಿ. 1892ರಲ್ಲಿ ಜೂನ್‌ನಲ್ಲಿ ಸೂರ್ಯನ ಸಮೀಪ ಬಂದು ಹೋದ ಹೋಮ್ಸ್ ನವೆಂಬರ್‌ನಲ್ಲಿ ಬೆಳಗಿತು. 2007ರಲ್ಲಿ ಮೇ ತಿಂಗಳಲ್ಲಿ ಬಂದು ಹೋಗಿ ಅಕ್ಟೋಬರ್‌ನಲ್ಲಿ ಬೆಳಗಿತು. ಎರಡು ಸಲವೂ ಐದು ತಿಂಗಳ ಆಸುಪಾಸಿನ ಅಂತರ. ಬಿಸಿಲಿನ ಕಾವು ಒಳಗಿಳಿಯಲು ಹಿಡಿಯುವ ಕಾಲವೇ ಇದು? ಗೋಷ್ಠಿಗಳಲ್ಲಿ ಈ ಪ್ರಶ್ನೆ ಚರ್ಚೆಗೆ ಬರಲಿ ಎಂಬುದು ನನ್ನ ಕೋರಿಕೆ.

ಈಗ ವೀಕ್ಷಣೆಯ ಕ್ರಮಕ್ಕೆ ಬರುತ್ತೇನೆ. 2007ರ ಅಕ್ಟೋಬರ್ ಕೊನೆಯಲ್ಲಿ ಹೋಮ್ಸ್‌ನ ಕಾಂತಿಯನ್ನು ಅಳೆಯಲು ಉಪಕರಣವೇ ಬೇಕಿರಲಿಲ್ಲ. ಪಕ್ಕದಲ್ಲೇ 1.8 ಕಾಂತಿಮಾನದ ಮಿರ್ಫಾಕ್ ತಾರೆ ಇತ್ತು, 3.0ರ ಡೆಲ್ಟಾ ಪರ್ಸಿಯೈ ಇತ್ತು. ಧೂಮಕೇತು ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆಂದು ಅಂದಾಜಿಸಿದರೆ ಸಾಕು. ಆದರೆ ಅಲ್ಲೇ ಹೊಳೆಯುವ ಆಲ್ಗಾಲ್‌ಗೆ ಹೋಲಿಸಿದವರು ಎಡವುತ್ತಾರೆ, ಏಕೆಂದರೆ ಅದು 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ 2.1ರಿಂದ 3.4ಕ್ಕೆ ಮಂಕಾಗುವ ಚರತಾರೆ. ಧೂಮಕೇತು ಹರಡಿಕೊಂಡ ಮೇಲೆ ಕ್ರಮವೂ ಬದಲಾಗಬೇಕು: ಅದರ ಸರಾಸರಿ ಹೊಳಪನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಬೈನಾಕ್ಯುಲರಿನ ಫೋಕಸ್ ತಪ್ಪಿಸಿ, ಹೋಲಿಕೆಯ ತಾರೆಯನ್ನು ಅಷ್ಟೇ ಅಗಲಕ್ಕೆ ಹಿಗ್ಗಿಸಿ ನೋಡಬೇಕು. ದಿನಾಂಕ, ಗಂಟೆ, ನಿಮಿಷ, ಉಪಕರಣ, ಹೋಲಿಸಿದ ತಾರೆಗಳು, ಮೋಡ, ಚಂದ್ರ, ಊರ ದೀಪ: ಇಷ್ಟೂ ಟಿಪ್ಪಣಿಯಲ್ಲಿ ಬರಬೇಕು. ಇವಿಲ್ಲದ ಅಂದಾಜು ಎಷ್ಟೇ ಪ್ರಾಮಾಣಿಕವಾಗಿದ್ದರೂ ಬೇರೆಯವರ ಉಪಯೋಗಕ್ಕೆ ಬರುವುದಿಲ್ಲ.

‘ಕಾಣಲಿಲ್ಲ’ ಎಂಬ ಟಿಪ್ಪಣಿಗೂ ಇಷ್ಟೇ ಬೆಲೆಯಿದೆ. ಇಂಥ ಹೊತ್ತಿನಲ್ಲಿ ಇಷ್ಟನೇ ಕಾಂತಿಮಾನದವರೆಗೆ ನೋಡಿದೆ, ಧೂಮಕೇತು ಇರಲಿಲ್ಲ ಎಂದು ಒಬ್ಬರು ಬರೆದಿಟ್ಟಿದ್ದರೆ ಭುಗಿಲು ಅದಾದ ಮೇಲೆ ಎದ್ದಿತೆಂದು ಹೇಳಬಹುದು. ಮೊದಲ ಕೆಲವು ಗಂಟೆಗಳ ಏರಿಕೆಯಲ್ಲೇ ಕಾರಣದ ಸುಳಿವು ಇರುವುದು. ಆ ಗಂಟೆಗಳಲ್ಲಿ ಯುರೋಪಿನಲ್ಲಿ ಹಗಲಿರಬಹುದು, ಅಮೆರಿಕದಲ್ಲಿ ಮೋಡವಿರಬಹುದು. ಇರುಳು ನಮ್ಮ ಪಾಲಿಗೆ ಬಂದಿರಬಹುದು. ಕರಾವಳಿಯಲ್ಲಿ ಮೋಡ ಕವಿದಿದ್ದರೆ ವಿಜಯಪುರದಲ್ಲಿ, ಬೀದರಿನಲ್ಲಿ ಆಕಾಶ ತಿಳಿಯಾಗಿರಬಹುದು. ವೃತ್ತಿಪರ ವೀಕ್ಷಣಾಲಯಗಳ ಸಮಯ ತಿಂಗಳುಗಳ ಮೊದಲೇ ಹಂಚಿಹೋಗಿರುತ್ತದೆ. ಈ ರಾತ್ರಿಯೇ ನೋಡಬೇಕೆಂದರೆ ಅಂಗಳಕ್ಕಿಳಿಯುವ ಸ್ವಾತಂತ್ರ್ಯವಿರುವುದು ಹವ್ಯಾಸಿಗೆ. ಸ್ವಯಂಚಾಲಿತ ಕ್ಯಾಮೆರಾಗಳು ಆಕಾಶವನ್ನು ಬಾಚುತ್ತಿರುವ ಈ ದಿನಗಳಲ್ಲೂ, 2023ರ ಜುಲೈನಲ್ಲಿ 12ಪಿ ಪಾನ್ಸ್–ಬ್ರೂಕ್ಸ್ ಭುಗಿಲೆದ್ದಾಗ ಅದನ್ನು ಮೊದಲು ಗುರುತಿಸಿದವರು ಹಂಗರಿಯ ಒಬ್ಬ ಹವ್ಯಾಸಿ.

ಆದ್ದರಿಂದ ಈ ಸಂಕಿರಣ ಮುಗಿಯುವ ಮುನ್ನ ಮೂರು ಕೆಲಸಗಳು ಆಗಬೇಕೆಂದು ಆಶಿಸುತ್ತೇನೆ. ಮೊದಲನೆಯದು, ಹೈಸ್ಕೂಲು ಮಕ್ಕಳೂ ತುಂಬಬಹುದಾದ ಕನ್ನಡದ ವೀಕ್ಷಣಾ ನಮೂನೆಯೊಂದನ್ನು ಇಲ್ಲೇ ಒಪ್ಪಿ ಅಂತಿಮಗೊಳಿಸುವುದು. ಎರಡನೆಯದು, ನಮ್ಮ ಟಿಪ್ಪಣಿಗಳನ್ನು ಅಂತರರಾಷ್ಟ್ರೀಯ ಧೂಮಕೇತು ದತ್ತಸಂಗ್ರಹಗಳಿಗೆ ಕಳಿಸುವ ಜವಾಬ್ದಾರಿಯನ್ನು ಜಿಲ್ಲೆಗೊಬ್ಬರಾದರೂ ವಹಿಸಿಕೊಳ್ಳುವುದು. ಮೂರನೆಯದು, ಯಾವುದೂ ಬೆಳಗದ ಮಾಮೂಲಿ ರಾತ್ರಿಗಳಲ್ಲೂ, ವರ್ಷಕ್ಕೆ ಹಲವು ಸಲ ಭುಗಿಲೇಳುವ 29ಪಿಯಂಥ ಧೂಮಕೇತುಗಳ ಮೇಲೆ ಕಣ್ಣಿಡುವುದು. ಸ್ವಂತ ದೂರದರ್ಶಕ, ಕ್ಯಾಮೆರಾ ಇರುವವರು ಇದಕ್ಕೆ ಮುಂದೆ ಬರಬೇಕು.

ಹೋಮ್ಸ್ 2028ರ ಆರಂಭದಲ್ಲಿ ಮತ್ತೆ ಸೂರ್ಯನ ಸಮೀಪ ಬರುತ್ತದೆ. ಅದು ಭುಗಿಲೇಳುತ್ತದೆಂದು ಯಾರೂ ಭರವಸೆ ಕೊಡಲಾರರು. ಎದ್ದರೂ ಏಳದಿದ್ದರೂ ಆ ವರ್ಷ ಕರ್ನಾಟಕದಿಂದ ಹೋದ ಟಿಪ್ಪಣಿಗಳು ಜಗತ್ತಿನ ದಾಖಲೆಯಲ್ಲಿ ಇರಬೇಕು. ಅದಕ್ಕೆ ಬೇಕಾದ ಅಭ್ಯಾಸವನ್ನು ಇಂದಿನಿಂದಲೇ ಆರಂಭಿಸೋಣ ಎಂದು ಕೋರುತ್ತಾ, ನನ್ನ ಮಾತುಗಳನ್ನು ಮುಗಿಸುತ್ತೇನೆ.