ಪದ ಐತೆ, ಉಸಿರಿಲ್ಲ



ಅಕ್ಟೋಬರ್ ತಿಂಗಳ ಕೊನೆ ಬಂತು ಅಂದ್ರೆ ನಮ್ಮ ನ್ಯೂಸ್ ರೂಮಿನಲ್ಲಿ ಒಂದು ಕೆಲಸ ತಪ್ಪಿದ್ದಲ್ಲ. ರಾಜ್ಯೋತ್ಸವ ಪ್ರಶಸ್ತಿ ಪಟ್ಟಿ ಬರುತ್ತೆ. ಸಿನಿಮಾದವರು ಯಾರು, ಸಾಹಿತಿಗಳು ಯಾರು, ಯಾವ ಜಾತಿಗೆ ಎಷ್ಟು, ಯಾವ ಜಿಲ್ಲೆಗೆ ಅನ್ಯಾಯ ಆಯ್ತು, ಇಷ್ಟನ್ನೂ ಅರ್ಧ ಗಂಟೆ ಚರ್ಚೆ ಮಾಡ್ತೀವಿ. ಪಟ್ಟಿಯಲ್ಲಿ ‘ಜಾನಪದ’ ಅಂತ ಒಂದು ವಿಭಾಗ ಇರುತ್ತೆ. ಅಲ್ಲಿ ಕೆಲವು ಹೆಸರು ಇರ್ತವೆ. ಅವರ ಫೋಟೊ ನಮ್ಮ ಹತ್ರ ಇರೋದಿಲ್ಲ. ಅವರು ಹಾಡಿದ ಹಾಡು ಅಂತೂ ಇರೋದೇ ಇಲ್ಲ. ಹಾಗಾಗಿ ಹೆಸರು ಸ್ಕ್ರೋಲಿಂಗ್‌ನಲ್ಲಿ ಓಡುತ್ತೆ, ಮುಗಿಯಿತು.

ಇವತ್ತು ಆ ಸ್ಕ್ರೋಲಿಂಗ್‌ನಲ್ಲಿ ಓಡಿಹೋಗೋ ಹೆಸರುಗಳ ಬಗ್ಗೆ ಮಾತಾಡೋಣ. ಎಲ್ಲ ಕಡೆ ಸುತ್ತೋದು ಬೇಡ, ತುಮಕೂರು ಜಿಲ್ಲೆಯ ನಾಲ್ಕು ತಾಲೂಕು ಸಾಕು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಬರ, ಬೋರ್‌ವೆಲ್, ಫ್ಲೋರೈಡ್ ನೀರು, ಗುಳೆ, ಈ ನಾಲ್ಕು ಮಾತು ಬಿಟ್ಟು ಈ ತಾಲೂಕುಗಳ ಬಗ್ಗೆ ಟಿವಿಯಲ್ಲಿ ಬೇರೇನು ಕೇಳಿದ್ದೀರಿ, ನೆನಪು ಮಾಡಿಕೊಳ್ಳಿ.

ಆದ್ರೆ ಈ ಬರದ ಸೀಮೆ ದನಿಯಲ್ಲಿ ಬಡವಾಗಿಲ್ಲ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯ ಬೀದಿಯಲ್ಲಿ ನಿಂತರೆ ತಮಟೆಯ ಪೆಟ್ಟು ಎದೆಯೊಳಗೆ ಬೀಳುತ್ತೆ. ಈ ಕಡೆ ಅರೆವಾದ್ಯ ಉಂಟು, ಉರುಮೆ ಉಂಟು. ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ಸೋಬಾನೆ ಹಾಡುವ ಅಜ್ಜಿಯರು ಇನ್ನೂ ಇದ್ದಾರೆ, ಭಜನೆ ಮನೆಗಳಲ್ಲಿ ತತ್ವಪದ ಹಾಡುವವರು ಇದ್ದಾರೆ. ಪಾವಗಡದಲ್ಲಿ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಹಾಡಿಗೆ ಆ ಗಡಿ ಲೆಕ್ಕಕ್ಕಿಲ್ಲ. ಒಂದೇ ಬಾಯಲ್ಲಿ ಎರಡೂ ಬರುತ್ತೆ.

ಇನ್ನು ಶಿರಾ. ಶಿರಾ ಅಂದ್ರೆ ಕಾಡುಗೊಲ್ಲರ ಹಟ್ಟಿಗಳು. ಅವರ ವೀರ, ಅವರ ದೇವರು ಜುಂಜಪ್ಪ. ಶಿರಾ ತಾಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆ ಇದೆ. ದನ ಕಾಯುವ ಜುಂಜಪ್ಪ, ಅವನ ಗೂಳಿ ಬಡಮೈಲ, ಕೇಡು ಬಗೆಯುವ ಸೋದರಮಾವಂದಿರು, ಇವರ ಕಥೆ ಒಂದು ಹಾಡಲ್ಲ, ಒಂದು ಮಹಾಕಾವ್ಯ. ರಾತ್ರಿ ಕೂತು ಹಾಡಿದರೂ ಬೇಗ ಮುಗಿಯುವಂಥದ್ದಲ್ಲ. ಇದಕ್ಕೆ ಜೊತೆಯಾಗೋ ವಾದ್ಯ ಗಣೆ. ಗಣೆ ಅಂದ್ರೆ ಬಿದಿರಿನ ಕೊಳಲು. ನೀವು ಕೃಷ್ಣನ ಕೈಯಲ್ಲಿ ನೋಡುವ ಕೊಳಲಿಗಿಂತ ಬಹಳ ಉದ್ದ. ನಾನು ಇಂಜಿನಿಯರಿಂಗ್ ಓದಿದವನು, ಹಾಗಾಗಿ ಸಣ್ಣ ಲೆಕ್ಕ ಹೇಳ್ತೀನಿ: ಕೊಳವೆ ಉದ್ದವಾದಷ್ಟೂ ಸ್ವರ ತಗ್ಗುತ್ತೆ, ಗಂಭೀರ ಆಗುತ್ತೆ. ಆದರೆ ಆ ಉದ್ದದ ಗಾಳಿಯನ್ನೆಲ್ಲ ಅಲುಗಾಡಿಸೋಕೆ ಎದೆಯಲ್ಲಿ ಉಸಿರು ಬೇಕು.

ಆ ಉಸಿರಿನ ಮಾತಿಗೇ ಬರ್ತೀನಿ. 2020ರ ನವೆಂಬರ್ 3ಕ್ಕೆ ಶಿರಾ ವಿಧಾನಸಭಾ ಕ್ಷೇತ್ರದ ಉಪಚುನಾವಣೆ ಇತ್ತು. ನಿಮಗೆಲ್ಲ ನೆನಪಿರುತ್ತೆ. ಬೆಂಗಳೂರಿನ ಅಷ್ಟೂ ಚಾನೆಲ್‌ಗಳ ಒಬಿ ವ್ಯಾನ್‌ಗಳು ಅಲ್ಲಿದ್ದವು. ಕಾಡುಗೊಲ್ಲರ ಓಟು ಯಾರ ಕಡೆ ಅನ್ನೋದೇ ದಿನದ ಪ್ರಶ್ನೆ. ಮತದಾನಕ್ಕೆ ಮುಂಚೆ ಕಾಡುಗೊಲ್ಲ ಅಭಿವೃದ್ಧಿ ನಿಗಮದ ಘೋಷಣೆಯೂ ಆಯ್ತು. ನಾನೂ ಹೋಗಿದ್ದೆ. ಒಂದು ಹಟ್ಟಿಯಲ್ಲಿ ಓಟಿನ ಮಾತು ಮುಗಿಸಿ ಕ್ಯಾಮೆರಾ ಎತ್ತಿಡ್ತಾ ಇದ್ದಾಗ, ಜಗಲಿ ಮೇಲೆ ಕೂತಿದ್ದ ಅಜ್ಜ ಒಬ್ಬರನ್ನ ಕೇಳಿದೆ: ಇಲ್ಲಿ ಗಣೆ ಊದೋರು ಯಾರಾದ್ರೂ ಇದ್ದಾರಾ ಅಂತ. ಅವರು ನಕ್ಕರು. ‘ನಾನೇ ಊದ್ತಿದ್ದೆ ಕಣಪ್ಪ. ಈಗ ನಂತಾವ ಪದ ಐತೆ, ಉಸಿರಿಲ್ಲ. ಹುಡುಗರತಾವ ಉಸಿರೈತೆ, ಪದ ಇಲ್ಲ’ ಅಂದ್ರು.

ಜಾನಪದದ ಬಗ್ಗೆ ನಾನು ಎಷ್ಟೋ ವಿಚಾರ ಸಂಕಿರಣ ಕೇಳಿದ್ದೀನಿ. ಇಷ್ಟು ಸರಿಯಾಗಿ ಯಾರೂ ಹೇಳಿಲ್ಲ.

ಈಗ ನಮ್ಮ ಪ್ರಶಸ್ತಿಗಳ ಕಡೆ ನೋಡಿ. ಸುಕ್ರಿ ಬೊಮ್ಮಗೌಡ, ಅಂಕೋಲದ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ, ಸಾವಿರಾರು ಹಾಡುಗಳನ್ನ ನೆನಪಿನಲ್ಲಿ ಇಟ್ಟುಕೊಂಡಿದ್ದವರು. ಅವರಿಗೆ ಪದ್ಮಶ್ರೀ ಬಂದಿದ್ದು 2017ರಲ್ಲಿ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ, ತಮಟೆ ಕಲಾವಿದರು. ಅವರಿಗೆ ಪದ್ಮಶ್ರೀ 2023ರಲ್ಲಿ. ಒಂದು ಕಾಲದಲ್ಲಿ ತಮಟೆ ಬಡಿಯೋರನ್ನ ಊರಿನವರು ಹೊಸಿಲು ದಾಟೋಕೆ ಬಿಡ್ತಿರಲಿಲ್ಲ. ಅದೇ ತಮಟೆ ರಾಷ್ಟ್ರಪತಿ ಭವನದ ಹೊಸಿಲು ದಾಟಿತು. ಸಣ್ಣ ವಿಷಯ ಅಲ್ಲ ಅದು. ನಾನು ಪ್ರಶಸ್ತಿಯ ವಿರೋಧಿ ಅಲ್ಲ. ಚಪ್ಪಾಳೆ ಹೊಡೀಲೇಬೇಕು, ಜೋರಾಗಿ ಹೊಡೀಬೇಕು.

ಆದ್ರೆ ಸುಕ್ರಜ್ಜಿಗೆ ಪದ್ಮಶ್ರೀ ಬಂದಾಗ ವಯಸ್ಸು ಆಗಲೇ ಎಂಬತ್ತರ ಆಸುಪಾಸು. 2025ರ ಫೆಬ್ರವರಿಯಲ್ಲಿ ಅವರು ಹೋದರು. ಪಾವಗಡದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಗೊತ್ತು. ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಅವರು ಪ್ರಶಸ್ತಿ ಪಡೆದದ್ದು ಹಾಡಿಗಲ್ಲ, ಹೆರಿಗೆಗೆ. ಹದಿನೈದು ಸಾವಿರ ಹೆರಿಗೆ ಮಾಡಿಸಿದವರು ಅಂತ ಅವರ ಹೆಸರು. ಅವರ ವಿದ್ಯೆಯೂ ಹಾಡಿನ ಹಾಗೇ, ಅಜ್ಜಿಯಿಂದ ಮೊಮ್ಮಗಳಿಗೆ ಬಂದದ್ದು, ಪುಸ್ತಕದಲ್ಲಿ ಇಲ್ಲದ್ದು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಪದ್ಮಶ್ರೀ ಬಂದಿದ್ದು 2018ರಲ್ಲಿ. ಅದೇ ವರ್ಷ ಡಿಸೆಂಬರ್ 25ಕ್ಕೆ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಪದಕ ಕೈಗೆ ಬಂದು ಒಂದು ವರ್ಷವೂ ಆಗಿರಲಿಲ್ಲ.

ಅಂದ್ರೆ ನಾವು ಮಾಡ್ತಿರೋದೇನು? ಉಸಿರು ಮುಗಿಯೋ ಹೊತ್ತಿಗೆ ಶಾಲು ಹೊದಿಸ್ತೀವಿ. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳಬೇಕಂದ್ರೆ, ಇಡೀ ಡೇಟಾ ಒಂದೇ ಹಾರ್ಡ್‌ಡಿಸ್ಕ್‌ನಲ್ಲಿದೆ, ಬ್ಯಾಕಪ್ ಇಲ್ಲ. ಹಾರ್ಡ್‌ಡಿಸ್ಕ್‌ಗೆ ಹಾರ ಹಾಕಿ ಫೋಟೊ ತೆಗೆಸಿಕೊಳ್ತೀವಿ. ಕಾಪಿ ಮಾಡ್ಕೊಳ್ಳೋದಿಲ್ಲ.

ಕಾಪಿ ಮಾಡ್ಕೊಂಡ್ರೆ ಏನಾಗುತ್ತೆ ಅನ್ನೋದಕ್ಕೂ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. ಶಿರಾದಿಂದ ಹೈವೇ ಹಿಡಿದರೆ ಹಿರಿಯೂರು, ಅಲ್ಲಿಂದ ಚಳ್ಳಕೆರೆ. ಆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಅಂತ ಒಬ್ಬರಿದ್ದರು. ಅಕ್ಷರ ಬಾರದ ಕಾಡುಗೊಲ್ಲ ಹೆಣ್ಣುಮಗಳು. ಅವರ ಬಾಯಲ್ಲಿ ಸಾವಿರಾರು ಹಾಡುಗಳಿದ್ದವು. ಕೃಷ್ಣಮೂರ್ತಿ ಹನೂರು, ಮೀರಾಸಾಬಿಹಳ್ಳಿ ಶಿವಣ್ಣ ಅವರಂಥ ವಿದ್ವಾಂಸರು ಅವರ ಹಾಡುಗಳ ಹಿಂದೆ ಹೋದರು, ಬರೆದುಕೊಂಡರು, ಪುಸ್ತಕ ಮಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಸಿರಿಯಜ್ಜಿ ಇವತ್ತು ಇಲ್ಲ. ಹಾಡು ಇದೆ. ಹಾಡಿನ ಜೊತೆ ಅವರ ಹೆಸರೂ ಇದೆ.

ಈ ಹೆಸರಿನ ಮಾತು ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಸಿನಿಮಾ ಹಾಡುಗಳನ್ನ ನೋಡಿ. ಹಟ್ಟಿಯಿಂದ ಬಂದ ಹಾಡು ಸೂಪರ್ ಹಿಟ್ ಆಗುತ್ತೆ. ಸಂಗೀತ ಯಾರು? ಹೆಸರಿದೆ. ಗಾಯಕರು ಯಾರು? ಹೆಸರಿದೆ. ಸಾಹಿತ್ಯ? ‘ಜಾನಪದ.’ ಜಾನಪದ ಅನ್ನೋ ಹೆಸರಿನ ಕವಿ ಯಾವ ಊರಲ್ಲಿ ಹುಟ್ಟಿದ್ದ ಸ್ವಾಮಿ? ಸರಿ, ಹಾಡು ಕಟ್ಟಿದವರು ಯಾರು ಅಂತ ಗೊತ್ತಿಲ್ಲ, ಒಪ್ಪೋಣ. ಆದ್ರೆ ಯಾವ ಅಜ್ಜಿಯ ಬಾಯಿಂದ ಬರೆದುಕೊಂಡ್ರೋ ಆ ಅಜ್ಜಿಗೆ ಒಂದು ಹೆಸರಿತ್ತಲ್ಲ? ಊರಿತ್ತಲ್ಲ? ಅದನ್ನ ಬರೆಯೋಕೆ ಎಷ್ಟು ಖರ್ಚಾಗ್ತಿತ್ತು?

ಇಲ್ಲೊಂದು ಕಹಿ ಮಾತನ್ನೂ ಹೇಳಲೇಬೇಕು. ಗೊಲ್ಲರಹಟ್ಟಿ ಅಂದ ತಕ್ಷಣ ನಿಮಗೆ ಇನ್ನೊಂದು ಸುದ್ದಿ ನೆನಪಾಗುತ್ತೆ. ಮುಟ್ಟಾದವರನ್ನ, ಬಾಣಂತಿಯನ್ನ ಹಟ್ಟಿಯಿಂದ ಹೊರಗೆ ಇಡೋ ಪದ್ಧತಿ. 2023ರಲ್ಲಿ ತುಮಕೂರು ತಾಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸು ತೀರಿಕೊಂಡಿತು. ಆ ಸುದ್ದಿ ಮಾಡಿದ್ದು ಸರಿ, ಮುಂದೆಯೂ ಮಾಡ್ತೀವಿ. ಸಂಸ್ಕೃತಿ ಅನ್ನೋ ಹೆಸರಲ್ಲಿ ಆ ಗುಡಿಸಲನ್ನ ಯಾರೂ ಸಮರ್ಥಿಸೋದು ಬೇಡ. ಆದ್ರೆ ಸಿರಿಯಜ್ಜಿ ಬಂದದ್ದೂ ಅಂಥದೇ ಒಂದು ಹಟ್ಟಿಯಿಂದ. ಆ ಹಾಡುಗಳನ್ನ ಹೊತ್ತವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹಾಡಿಗೆ ಗೌರವ ಕೊಡೋ ಸಮಾಜ ಹಾಡುವವಳಿಗೆ ಹಟ್ಟಿಯೊಳಗೆ ಜಾಗ ಕೊಡದಿದ್ರೆ ಆ ಗೌರವಕ್ಕೆ ಅರ್ಥ ಇಲ್ಲ. ಗುಡಿಸಲು ಹೋಗಬೇಕು, ಹಾಡು ಉಳೀಬೇಕು. ಎರಡನ್ನೂ ಒಂದೇ ಬಾಯಲ್ಲಿ ಹೇಳೋಕೆ ಆಗುತ್ತೆ.

ಸರಿ, ಬೇರೆಯವರು ಇದನ್ನ ಹೇಗೆ ಮಾಡ್ತಾರೆ? ದೂರದ ಒಂದು ಉದಾಹರಣೆ ಕೊಡ್ತೀನಿ: ಸ್ಕಾಟ್‌ಲೆಂಡ್. ಅಲ್ಲಿ ಗೇಲಿಕ್ ಅಂತ ಒಂದು ಭಾಷೆ ಇದೆ. 2011ರ ಜನಗಣತಿ ಪ್ರಕಾರ ಅದನ್ನ ಮಾತಾಡೋರು ಸುಮಾರು 57 ಸಾವಿರ ಜನ. ಅಷ್ಟೇ. ಅವರು 1951ರಲ್ಲೇ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಒಂದು ಅಧ್ಯಯನ ಸಂಸ್ಥೆ ಮಾಡಿ, ಟೇಪ್ ರೆಕಾರ್ಡರ್ ಹೊತ್ತು ಹಳ್ಳಿ ಹಳ್ಳಿ ತಿರುಗಿದರು. 1953ರಲ್ಲಿ ಹ್ಯಾಮಿಶ್ ಹೆಂಡರ್ಸನ್ ಅನ್ನೋ ಸಂಗ್ರಾಹಕರಿಗೆ ಅಬರ್ಡೀನ್ ಊರಿನಲ್ಲಿ ಜೀನಿ ರಾಬರ್ಟ್‌ಸನ್ ಸಿಕ್ಕರು. ಅಲೆಮಾರಿ ಸಮುದಾಯದ ಹೆಣ್ಣುಮಗಳು, ಹಾಡು ತಾಯಿಯಿಂದ ಬಂದದ್ದು. ನಮ್ಮ ಸಿರಿಯಜ್ಜಿ ಥರಾನೇ. ಮೊದಲು ರೆಕಾರ್ಡಿಂಗ್ ಆಯ್ತು. ಸರ್ಕಾರದ ದೊಡ್ಡ ಗೌರವ ಬಂದದ್ದು ಆಮೇಲೆ, 1968ರಲ್ಲಿ. ಆ ಹಳೇ ರೆಕಾರ್ಡಿಂಗ್‌ಗಳಲ್ಲಿ ಸಾವಿರಾರು ಈಗ ಇಂಟರ್‌ನೆಟ್‌ನಲ್ಲಿವೆ. ಆ ಸಂಗ್ರಹದ ಗೇಲಿಕ್ ಹೆಸರಿನ ಅರ್ಥ ‘ಪರಂಪರೆಯ ಬಾವಿ’. ನೀರಿನ ಕಷ್ಟ ಗೊತ್ತಿರೋ ಮಧುಗಿರಿ, ಪಾವಗಡದವರಿಗೆ ಈ ಹೆಸರನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ 2003ರಿಂದ ಸಾಂಪ್ರದಾಯಿಕ ಸಂಗೀತಕ್ಕೆ ಅಂತಲೇ ವಾರ್ಷಿಕ ಪ್ರಶಸ್ತಿ ಸಮಾರಂಭ ನಡೆಯುತ್ತೆ. ಜನ ಓಟು ಹಾಕಿ ಆರಿಸ್ತಾರೆ. ಗೇಲಿಕ್ ಚಾನೆಲ್ಲು ಅದನ್ನ ಟಿವಿಯಲ್ಲಿ ತೋರಿಸುತ್ತೆ. ನನಗೆ ಇಷ್ಟ ಆಗಿದ್ದು ಪ್ರಶಸ್ತಿಯ ವಿಭಾಗಗಳು. ಗಾಯಕರಿಗೆ ಇದೆ, ವಾದ್ಯದವರಿಗೆ ಇದೆ, ಅದು ಎಲ್ಲ ಕಡೆ ಇದ್ದದ್ದೇ. ಅಲ್ಲಿ ಹಾಡು ಕಲಿಸೋ ಮೇಷ್ಟ್ರಿಗೂ ಪ್ರಶಸ್ತಿ ಇದೆ. ಹಾಡಿಸೋ ಜಾಗಕ್ಕೆ, ಊರಿನ ಕ್ಲಬ್ಬಿಗೆ ಪ್ರಶಸ್ತಿ ಇದೆ. ಹುಡುಗ ಹುಡುಗಿಯರಿಗೆ ಬೇರೆಯೇ ಸ್ಪರ್ಧೆ ಇದೆ. ಅಂದ್ರೆ ಪದ ಇರೋರಿಗೂ ಗೌರವ, ಉಸಿರಿರೋರಿಗೂ ಗೌರವ, ಇಬ್ಬರನ್ನ ಸೇರಿಸೋರಿಗೂ ಗೌರವ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯ ಇದೆ. ಅಕಾಡೆಮಿ ಇದೆ, ಕಲಾವಿದರಿಗೆ ಮಾಸಾಶನ ಇದೆ. ಆದ್ರೆ ಶಿರಾದ ಹುಡುಗ ಗಣೆ ಕಲಿಯಬೇಕು ಅಂದ್ರೆ ಅವನ ಮನೆಗೆ ಹತ್ತಿರ ಏನಿದೆ? ಪಾವಗಡದ ತಿರುಮಣಿ ಕಡೆ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಮಾಡಿದ್ದೀವಿ. ಸುಮಾರು 13 ಸಾವಿರ ಎಕರೆ. ಆ ಬಿಸಿಲನ್ನ ಹಿಡಿದು ದೂರದ ಊರುಗಳ ದೀಪ ಹಚ್ಚೋಕೆ ನಮಗೆ ಬುದ್ಧಿ ಇದೆ, ದುಡ್ಡಿದೆ. ಅದೇ ಸೀಮೆಯ ದನಿ ಹಿಡಿಯೋಕೆ ಎಷ್ಟು ಮೈಕು ಹಿಡಿದಿದ್ದೀವಿ?

ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ತಾಲೂಕಿಗೆ ಒಂದು ಒಳ್ಳೆ ಮೈಕು, ಒಬ್ಬ ತಾಳ್ಮೆ ಇರೋ ಮನುಷ್ಯ, ಒಂದು ಪಟ್ಟಿ. ಯಾರು ಹಾಡಿದರು, ಯಾವ ಊರು, ಯಾರಿಂದ ಕಲಿತರು, ಯಾವ ದಿನ ಹಾಡಿದರು. ಪ್ರಶಸ್ತಿ ಕೊಡೋ ಪ್ರತಿಯೊಬ್ಬ ಕಲಾವಿದರ ಜೊತೆ ಇಬ್ಬರು ಶಿಷ್ಯರನ್ನ ವೇದಿಕೆಗೆ ಕರೀರಿ. ಶಿಷ್ಯರಿಗೆ ಎರಡು ವರ್ಷ ಸ್ಟೈಪೆಂಡ್ ಕೊಡಿ. ಕಲಿಸೋ ಕಲಾವಿದರಿಗೆ ತಿಂಗಳ ಸಂಬಳ ಕೊಡಿ, ಶಾಲೆಯ ಮೇಷ್ಟ್ರಿಗೆ ಕೊಟ್ಟ ಹಾಗೆ. ಪ್ರಶಸ್ತಿಯ ಮೊತ್ತ ಹೆಚ್ಚಿಸಿ ಅಂತ ಕೇಳ್ತಿಲ್ಲ ನಾನು. ಪ್ರಶಸ್ತಿಯನ್ನ ಇಪ್ಪತ್ತು ವರ್ಷ ಮುಂಚೆ ಕೊಡಿ ಅಂತ ಕೇಳ್ತಿದ್ದೀನಿ.

ಇನ್ನು ನೀವು, ವೀಕ್ಷಕರೇ. ನಿಮ್ಮ ಮನೆ ಮದುವೆಗೆ ಡಿಜೆಗೆ ಮೂವತ್ತು, ನಲವತ್ತು ಸಾವಿರ ಕೊಡ್ತೀರಿ. ಬೇಡ ಅನ್ನೋದಿಲ್ಲ, ಕುಣೀರಿ. ಆದ್ರೆ ಅರಿಶಿನ ಹಚ್ಚೋ ಹೊತ್ತಿಗೆ ಊರಿನ ಸೋಬಾನೆ ಅಜ್ಜಿಯರನ್ನ ಕರೆಸಿ. ಕರೆಸಿ ಒಂದು ಸೀರೆ, ಎಲೆ ಅಡಿಕೆ ಕೊಟ್ಟು ಕಳಿಸಬೇಡಿ. ಡಿಜೆಗೆ ಕೊಡೋ ಹಾಗೆ ದುಡ್ಡು ಕೊಡಿ. ಹಾಡೋವಾಗ ಮೊಮ್ಮಗಳ ಕೈಗೆ ಫೋನು ಕೊಟ್ಟು ರೆಕಾರ್ಡ್ ಮಾಡಿಸಿ. ರೀಲ್ಸ್‌ಗೆ ಮೂವತ್ತು ಸೆಕೆಂಡ್ ಕತ್ತರಿಸಬೇಡಿ, ಹಾಡು ಮುಗಿಯೋವರೆಗೂ ಮಾಡಿಸಿ. ಕೊನೆಯಲ್ಲಿ ಅಜ್ಜಿ ಬಾಯಲ್ಲೇ ಹೆಸರು, ಊರು ಹೇಳಿಸಿ.

ಮುಂದಿನ ನವೆಂಬರ್ 1ಕ್ಕೆ ಮತ್ತೆ ಪಟ್ಟಿ ಬರುತ್ತೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದಿಂದ ಒಂದು ಹೆಸರು ಬಂದ್ರೆ ಸಂತೋಷ. ಆ ಹೆಸರು ತೆರೆ ಮೇಲೆ ಬಂದಾಗ ಹಿಂದೆ ಅವರ ಹಾಡು ಕೇಳಿಸಬೇಕು. ಪಕ್ಕದಲ್ಲಿ ಅದೇ ಹಾಡಿಗೆ ದನಿಗೂಡಿಸೋ ಒಬ್ಬ ಹುಡುಗಿ ಇರಬೇಕು. ಅವತ್ತು ಸ್ಕ್ರೋಲಿಂಗ್ ನಿಲ್ಲಿಸಿ ಪೂರ್ತಿ ಹಾಡು ಹಾಕೋಣ. ಜಾಹೀರಾತು ಸ್ವಲ್ಪ ಕಾಯಲಿ.