ಸೋಲದೆ ಉಳಿಯುವ ವಿದ್ಯೆ



ಚೆಸ್ ಆಟ ಡ್ರಾ ಆಯಿತು ಅಂದರೆ ‘ಹಾಗಾದರೆ ಏನೂ ಆಗಲಿಲ್ಲ’ ಅನ್ನುವವರೇ ಹೆಚ್ಚು. ನಾನು ಈ ಮಾತು ಒಪ್ಪುವುದಿಲ್ಲ. ಇಬ್ಬರು ಪಳಗಿದ ಆಟಗಾರರ ಡ್ರಾದಲ್ಲಿ ಎಷ್ಟೋ ಸಲ ಸೋಲುವ ಸ್ಥಿತಿಗೆ ಬಂದವನು ಹಟ ಹಿಡಿದು ಉಳಿದುಕೊಂಡಿರುತ್ತಾನೆ.

1989ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಇವಾನ್ ನಿಕೊಲಿಚ್ ಮತ್ತು ಗೊರಾನ್ ಆರ್ಸೊವಿಚ್ ಆಡಿದ ಆಟ 269 ನಡೆ ಹೋಯಿತು. 20 ಗಂಟೆಗೂ ಮೀರಿ ಆಡಿ ಡ್ರಾ ಮಾಡಿಕೊಂಡರು. ಕೊನೆಯ ನೂರು ನಡೆಗಳಲ್ಲಿ ಬೋರ್ಡಿನ ಮೇಲಿದ್ದದ್ದು ಐದೇ ಕಾಯಿ: ಎರಡು ರಾಜ, ಎರಡು ಆನೆ, ಒಂದು ಒಂಟೆ. ಯಾವ ಕಾಯಿಯನ್ನೂ ಹೊಡೆಯದೆ, ಕಾಲಾಳನ್ನೂ ನಡೆಸದೆ 50 ನಡೆ ಕಳೆದರೆ ಡ್ರಾ ಕೇಳಬಹುದು. ಇಂಥ ಕೆಲವು ಅಂತ್ಯಗಳಿಗೆ ಆಗ 100ರ ತನಕ ಅವಕಾಶವಿತ್ತು. ಆಮೇಲೆ ಅದನ್ನು ತೆಗೆದುಹಾಕಿದರು.

ಇಂಥ ಅಂತ್ಯದಲ್ಲಿ ಒಂಟೆಯಿಲ್ಲದೆ ಬರೀ ಆನೆ ಇರುವವನು ಏನು ಮಾಡಬೇಕು? ಎದುರಾಳಿಯ ರಾಜನೂ ಒಂಟೆಯೂ ಒಂದೇ ಸಾಲಿಗೆ ಬರುವುದನ್ನೇ ಕಾಯಬೇಕು. ಬಂದ ಕೂಡಲೇ ತನ್ನ ಆನೆಯನ್ನು ಒಂಟೆಯ ಹಿಂದಿನಿಂದ ಅದೇ ಸಾಲಿಗೆ ತರಬೇಕು. ಒಂಟೆ ಕದಲಿದರೆ ರಾಜನಿಗೆ ಚೆಕ್, ಹಾಗಾಗಿ ಅದು ಕಟ್ಟುಬಿತ್ತು. ಇದಕ್ಕೆ ಕಾಕ್ರೇನ್ ರಕ್ಷಣೆ ಅನ್ನುತ್ತಾರೆ. ಜಾನ್ ಕಾಕ್ರೇನ್ ಸ್ಕಾಟ್ಲೆಂಡಿನ ವಕೀಲ. ಕಲ್ಕತ್ತೆಯಲ್ಲಿ ನೆಲೆಸಿ, ಮಹೇಶಚಂದ್ರ ಬ್ಯಾನರ್ಜಿ ಎಂಬ ಬಂಗಾಳಿಯೊಡನೆ ವರ್ಷಗಟ್ಟಲೆ ಆಡಿದವರು. ಸರಿಸುಮಾರು ಅದೇ ಕಾಲದಲ್ಲಿ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, ಒಂದು ಕುದುರೆ 64 ಮನೆಗಳಿಗೂ ಒಂದೊಂದೇ ಸಲ ಕಾಲಿಟ್ಟು ಬರುವ ಬಂಧಗಳನ್ನು ಹೆಣೆಯುತ್ತಿದ್ದರು.

ಡ್ರಾಗೆ ಅರ್ಧ ಅಂಕ. ಆ ಅರ್ಧದ ಬೆಲೆ ನೋಡಿ. 2450 ರೇಟಿಂಗ್‌ನವನು 2550ರವನೊಡನೆ ಡ್ರಾ ಮಾಡಿಕೊಂಡರೆ ಅವನ ರೇಟಿಂಗ್ 1.4ರಷ್ಟು ಏರುತ್ತದೆ, ಮೇಲಿನವನದು ಅಷ್ಟೇ ಇಳಿಯುತ್ತದೆ. ಗ್ರ್ಯಾಂಡ್‌ಮಾಸ್ಟರ್ ಆಗಲು 2500 ಮುಟ್ಟಬೇಕು. ನಮ್ಮ ಶಿವಮೊಗ್ಗದ ಜಿ.ಎ. ಸ್ಟ್ಯಾನಿ ಹತ್ತಿದ್ದೂ ಇದೇ ಮೆಟ್ಟಿಲು. ಅಲ್ಲಿ ಗೆಲುವಿನಷ್ಟೇ ಸೋಲದಿರುವುದೂ ಬೇಕು.

ಊರಿನ ಮಕ್ಕಳಿಗೆ ನಾವು ಮೊದಲು ಕಲಿಸುವುದು ನಾಲ್ಕೇ ನಡೆಯಲ್ಲಿ ಮಾತ್ ಮಾಡುವುದನ್ನು. ಅದರ ಜೊತೆಗೇ ಈ ಐದು ಕಾಯಿಯ ಆಟವನ್ನೂ ಕಲಿಸಿ ಎಂದು ಕೇಳಿಕೊಳ್ಳುತ್ತೇನೆ. ಇಗೋ, ಮೇಜಿನ ಮೇಲೆ ಕಾಯಿ ಜೋಡಿಸಿದ್ದೇನೆ. ಒಂಟೆಯ ಪಕ್ಷಕ್ಕೆ ಒಬ್ಬರು, ಬರೀ ಆನೆಯ ಪಕ್ಷಕ್ಕೆ ಒಬ್ಬರು ಮುಂದೆ ಬನ್ನಿ. ನಡೆ ಎಣಿಸುವುದಕ್ಕೂ ಒಬ್ಬರು ಬೇಕು.