ಬೈಗುಳ ಬರೀ ಮಾತಲ್ಲ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಮಾತುಕತೆ ಈಗ ವಾರದ ಸಭೆಯಲ್ಲಿ ಮಾತ್ರ ನಡೆಯುತ್ತಿಲ್ಲ, ಮೊಬೈಲಿನಲ್ಲೂ ನಡೆಯುತ್ತಿದೆ. ಸಂಘಕ್ಕೊಂದು ವಾಟ್ಸಾಪ್ ಗುಂಪು, ಊರಿಗೊಂದು, ಮಕ್ಕಳ ಶಾಲೆಗೊಂದು, ನೆಂಟರಿಷ್ಟರಿಗೊಂದು. ಅಲ್ಲಿ ಹೆಣ್ಣುಮಕ್ಕಳು ಒಂದು ಮಾತು ಕೇಳಿದರೆ ಬರುವ ಒರಟು ಉತ್ತರ, ಬೈಗುಳ, ಅಡ್ಡಹೆಸರು ಇವುಗಳ ಬಗ್ಗೆ ಮಾತಾಡಬೇಕೆಂದು ನೀವು ಕೇಳಿದ್ದೀರಿ. ವರದಕ್ಷಿಣೆಯ ಸಾವು, ಹೊಡೆತ ಬಡಿತ ಇವೆಲ್ಲ ಕಣ್ಣ ಮುಂದಿರುವಾಗ ಬೈಗುಳ ಯಾವ ದೊಡ್ಡ ವಿಷಯ ಎಂದು ಕೆಲವರಿಗೆ ಅನ್ನಿಸಬಹುದು. ಬೈದರೆ ಮೈಗೇನು ಅಂಟುತ್ತದೆಯೇ ಎನ್ನುವವರೂ ಇದ್ದಾರೆ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳು. ನಿವೃತ್ತಿಯ ನಂತರ ಮಹಿಳಾ ಸಲಹಾ ಕೇಂದ್ರವೊಂದರಲ್ಲಿ ಕುಳಿತು ಹೆಣ್ಣುಮಕ್ಕಳ ಕಷ್ಟ ಕೇಳುತ್ತಾ ಬಂದಿದ್ದೇನೆ. ಏಟು ತಿಂದು ಬಂದವಳನ್ನು “ಇದು ಶುರುವಾದದ್ದು ಯಾವಾಗಮ್ಮ?” ಎಂದು ಕೇಳಿ ನೋಡಿ. ಮೊದಲ ಏಟು ಬಿದ್ದ ದಿನವನ್ನು ಅವಳು ಹೇಳುವುದಿಲ್ಲ. “ಮದುವೆಯಾದ ವಾರಕ್ಕೇ ನಮ್ಮಪ್ಪ ಕೊಟ್ಟ ಪಾತ್ರೆ ನೋಡಿ ನಕ್ಕರು”, “ದರಿದ್ರದೋಳು ಅಂತಲೇ ಕರೀತಿದ್ರು, ನನ್ನ ಹೆಸರು ಹಿಡಿದು ಯಾರೂ ಕೂಗಲೇ ಇಲ್ಲ” ಎಂದು ಶುರುಮಾಡುತ್ತಾಳೆ. ಅಂದರೆ ದೌರ್ಜನ್ಯ ಮೊದಲು ಬಾಯಿಂದ ಬರುತ್ತದೆ, ಕೈ ಆಮೇಲೆ ಏಳುತ್ತದೆ. ಒಬ್ಬಳ ಹೆಸರು ಕಿತ್ತುಕೊಂಡು ಅವಳಿಗೊಂದು ಕೀಳು ಹೆಸರು ಕೊಟ್ಟ ಮೇಲೆ ಅವಳನ್ನು ಹೊಡೆಯುವುದು ಸುಲಭ. ನೋಡುವವರಿಗೂ ಸುಮ್ಮನಿರುವುದು ಸುಲಭ.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟ ಮಾಡಿಕೊಳ್ಳೋಣ. ಕೋಪ ಬೇರೆ, ಟೀಕೆ ಬೇರೆ, ಬೈಗುಳ ಬೇರೆ. “ನೀನು ಎರಡು ಕಂತು ಕಟ್ಟಿಲ್ಲ, ಇದರಿಂದ ಸಂಘಕ್ಕೆಲ್ಲ ತೊಂದರೆ” ಎಂದರೆ ಅದು ಟೀಕೆ. ಜೋರು ದನಿಯಲ್ಲಿ ಹೇಳಿದರೂ ಅದಕ್ಕೆ ಉತ್ತರ ಕೊಡಬಹುದು: “ಮಗುವಿಗೆ ಹುಷಾರಿರಲಿಲ್ಲ, ಮುಂದಿನ ವಾರ ಕಟ್ಟುತ್ತೇನೆ” ಎನ್ನಬಹುದು. “ನೀನು ಕಳ್ಳಿ, ನಿಮ್ಮ ಜಾತಿಯವರ ಬುದ್ಧಿಯೇ ಇಷ್ಟು” ಎಂದರೆ ಅದಕ್ಕೆ ಏನು ಉತ್ತರ ಕೊಡಲು ಸಾಧ್ಯ? ಅಲ್ಲಿ ಕಂತಿನ ವಿಷಯ ಮಾಯವಾಯಿತು, ಮನುಷ್ಯಳು ಮಾತ್ರ ಉಳಿದಳು. ಬೈಗುಳದ ಕೆಲಸವೇ ಅದು: ವಿಷಯವನ್ನು ಮರೆಸುವುದು, ಕೇಳುವ ಬಾಯಿಯನ್ನು ಮುಚ್ಚಿಸುವುದು.

ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆ ಬಳಸುವ ಪದಗಳನ್ನು ಒಮ್ಮೆ ಬಿಡಿಸಿ ನೋಡಿ. ಸಂಕೋಚ ಬೇಡ, ದಿನವೂ ಕಿವಿಗೆ ಬೀಳುವ ಪದಗಳೇ. ಮುಂಡೆ, ಬೋಳಿ ಎಂಬ ಪದಗಳು ತಲೆ ಬೋಳಿಸಿದ ವಿಧವೆಯನ್ನು ಕುರಿತವು. ಗಂಡ ಸತ್ತವಳ ಕೂದಲು ತೆಗೆದು ಮೂಲೆಗೆ ಕೂರಿಸಿದ್ದು ಸಮಾಜ, ಬೈಗುಳವಾದದ್ದು ಅವಳ ದುಃಖ. ಬಂಜೆ ಎಂದರೆ ಮಕ್ಕಳಾಗದವಳು. ಕೊರತೆ ಗಂಡನಲ್ಲಿದ್ದರೂ ಹೆಸರು ಅವಳಿಗೇ. ಬಸವಿ ಎಂದರೆ ದೇವರ ಹೆಸರಿನಲ್ಲಿ ಬಿಟ್ಟ ಬಡವರ ಮನೆಯ ಹುಡುಗಿ. 1982ರಲ್ಲಿ ಕರ್ನಾಟಕ ಸರ್ಕಾರ ದೇವದಾಸಿಯಾಗಿ ಸಮರ್ಪಿಸುವುದನ್ನು ನಿಷೇಧಿಸುವ ಕಾಯ್ದೆ ಮಾಡಬೇಕಾಗಿ ಬಂತು. ಆದರೆ ಆ ಹುಡುಗಿಯನ್ನು ಬಳಸಿಕೊಂಡವರಿಗೆ ಬೈಗುಳದ ಹೆಸರೇ ಇಲ್ಲ, ಬಳಕೆಯಾದವಳ ಹೆಸರು ಮಾತ್ರ ಇವತ್ತಿಗೂ ಬೈಗುಳ. ಗಂಡಸನ್ನು ಬೈಯಬೇಕಾದರೂ ಅವನ ತಾಯಿಯನ್ನೇ ಎಳೆದು ತರುತ್ತಾರೆ. ಹೇಡಿ ಎನ್ನಬೇಕಾದರೆ “ಬಳೆ ತೊಟ್ಕೋ” ಅನ್ನುತ್ತಾರೆ. ಹೀಗೆ ಯಾರು ಯಾರನ್ನು ಬೈದರೂ ಏಟು ಬೀಳುವುದು ಹೆಣ್ಣಿನ ಮೇಲೆ. ನೀರಿನ ಸಾಲಿನಲ್ಲಿ ಜಗಳ ಬಂದಾಗ ನಾವೂ ಇದೇ ಪದಗಳನ್ನು ನಮ್ಮ ನೆರೆಯವಳ ಮೇಲೆ ಎಸೆಯುತ್ತೇವೆ. ಅದನ್ನೂ ಯೋಚಿಸಬೇಕು.

ಹಾಗಾದರೆ ಮೊಬೈಲಿನಲ್ಲಿ ಹೊಸದೇನು? ಮೂರು ಸಂಗತಿಗಳಿವೆ. ಒಂದು, ಬೈಯುವವನಿಗೆ ಎದುರಿನವಳ ಮುಖ ಕಾಣುವುದಿಲ್ಲ. ಜಗಲಿಯ ಮೇಲೆ ಕುಳಿತು ಹೇಳಲು ನಾಲಿಗೆ ಏಳದ ಮಾತನ್ನು ಬೆರಳು ಬರೆದುಬಿಡುತ್ತದೆ. ಎರಡು, ಬೀದಿ ಜಗಳ ಸಂಜೆಗೆ ಮುಗಿಯುತ್ತದೆ, ಬರೆದ ಬೈಗುಳ ಅಲ್ಲೇ ಉಳಿಯುತ್ತದೆ, ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಮೂರು, ಬೀದಿಯಲ್ಲಾದರೆ ಯಾರಾದರೂ ಹಿರಿಯರು “ಸಾಕು ಬಿಡ್ರಪ್ಪಾ” ಎಂದು ಅಡ್ಡ ಬರುತ್ತಾರೆ. ಗುಂಪಿನಲ್ಲಿ ಇನ್ನೂರು ಜನ ಓದಿಯೂ ಓದದವರಂತೆ ಇದ್ದುಬಿಡಬಹುದು.

ನನಗೆ ಪರಿಚಯವಿರುವ ಹೆಣ್ಣುಮಗಳೊಬ್ಬಳಿದ್ದಾಳೆ, ಸಂಘದಲ್ಲಿ ಲೆಕ್ಕ ಬರೆಯುವವಳು. ಊರಿನ ಗುಂಪಿನಲ್ಲಿ ಅವಳು ಒಂದು ಪ್ರಶ್ನೆ ಹಾಕಿದಳು: “ನಮ್ಮ ಬೀದಿ ನಲ್ಲಿಗೆ ಎಂಟು ದಿನದಿಂದ ನೀರಿಲ್ಲ. ಮೋಟಾರು ರಿಪೇರಿ ಹಣ ಏನಾಯಿತು?” ಉತ್ತರ ಬರಬೇಕಾದದ್ದು ಮೋಟಾರಿನ ಬಗ್ಗೆ. ಬಂದದ್ದು “ಮೊದಲು ನಿನ್ನ ಮನೆ ನೋಡ್ಕೋ”, “ಗಂಡ ಬಿಟ್ಟೋಳಿಗೆ ಊರ ಉಸಾಬರಿ ಯಾಕೆ”, ಕೊನೆಗೆ “ಬಜಾರಿ”. ಯಾರೂ ಚಕಾರ ಎತ್ತಲಿಲ್ಲ. ನಾಲ್ಕು ಜನ ನಗುವ ಮುಖದ ಚಿತ್ರ ಒತ್ತಿದರು. ಸಂಜೆಯೊಳಗೆ ಅದೆಲ್ಲ ಅವಳ ಅಣ್ಣನ ಫೋನಿಗೆ ತಲುಪಿತು. “ಮನೆ ಮರ್ಯಾದೆ ತೆಗೆದೆ” ಎಂದು ಅವನು ಅವಳ ಫೋನು ಕಿತ್ತಿಟ್ಟ. ನೀರೂ ಬರಲಿಲ್ಲ, ಹಣದ ಲೆಕ್ಕವೂ ಬರಲಿಲ್ಲ. ನಿಂತುಹೋದದ್ದು ಅವಳ ಬಾಯಿ ಮಾತ್ರ.

ಇದು ಒಂದು ಊರಿನ ಕಥೆಯಲ್ಲ. 2019ರ ಲೋಕಸಭಾ ಚುನಾವಣೆಯ ಕಾಲದಲ್ಲಿ 95 ಮಂದಿ ಮಹಿಳಾ ರಾಜಕಾರಣಿಗಳನ್ನು ಹೆಸರಿಸಿ ಟ್ವಿಟರ್‌ನಲ್ಲಿ ಬಂದ ಬರಹಗಳನ್ನು ಆಮ್ನೆಸ್ಟಿ ಸಂಸ್ಥೆ ಪರಿಶೀಲಿಸಿತು. 2020ರಲ್ಲಿ ಪ್ರಕಟವಾದ ಅದರ ವರದಿಯಂತೆ ಸುಮಾರು 7ರಲ್ಲಿ 1 ಬರಹ ನಿಂದನೆಯದು ಅಥವಾ ಆಕ್ಷೇಪಾರ್ಹವಾದದ್ದು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದಾಗ, ಸತ್ತ ಹೆಣ್ಣನ್ನೂ ಬಿಡದೆ ಪ್ರಾಣಿಯ ಹೆಸರು ಹಿಡಿದು ಬೈದವರಿದ್ದರು. 2022ರ ಜನವರಿ 1ರಂದು ಮುಸ್ಲಿಂ ಹೆಣ್ಣುಮಕ್ಕಳ ಫೋಟೋಗಳನ್ನು ಕದ್ದು, ಅವರನ್ನು ಹರಾಜಿಗಿಟ್ಟಂತೆ ಮೊಬೈಲಿನಲ್ಲಿ ತೋರಿಸಿದರು. ಅವರಲ್ಲಿ ಅನೇಕರು ಪತ್ರಕರ್ತೆಯರು, ಸಾರ್ವಜನಿಕವಾಗಿ ಮಾತಾಡುತ್ತಿದ್ದವರು. ಆ ಪ್ರಕರಣದಲ್ಲಿ ಬಂಧನಕ್ಕೊಳಗಾದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಓದಿದವರು ಹೀಗೆ ಮಾಡುವುದಿಲ್ಲ ಎಂಬ ಭ್ರಮೆ ನಮಗೆ ಬೇಡ. ಹಿಂದೆ 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ ಅವರ ಮೇಲೆ ಸಗಣಿಯ ಜೊತೆ ಬೈಗುಳವನ್ನೂ ಎಸೆದಿದ್ದರು. ಉದ್ದೇಶ ಅಂದೂ ಇಂದೂ ಒಂದೇ, ಹೆಣ್ಣು ಮನೆಗೆ ವಾಪಸು ಹೋಗಲಿ ಎಂಬುದು. ಕರ್ನಾಟಕದಲ್ಲಿ 2010ರ ಚುನಾವಣೆಯಿಂದ ಪಂಚಾಯಿತಿಯ ಅರ್ಧದಷ್ಟು ಸ್ಥಾನ ನಮಗೆ ಮೀಸಲು. ಕುರ್ಚಿ ಸಿಕ್ಕಿದೆ, ಆದರೆ ಕುಳಿತವಳು ಮಾತಾಡದಂತೆ ಬೈಗುಳ ಕಾಯುತ್ತಾ ನಿಂತಿದೆ.

ಮನೆಯೊಳಗಿನ ಗುಂಪುಗಳೂ ಹೀಗೇ ಇವೆ. ಗಂಡನ ಕಡೆಯವರೆಲ್ಲ ಇರುವ ಗುಂಪಿನಲ್ಲಿ ಸೊಸೆ ತಂದ ಸರದ ತೂಕ, ಅವಳ ಬಣ್ಣ, ಅವಳಿಗೆ ಗಂಡುಮಗು ಆಗದ್ದು ಇವೆಲ್ಲ ತಮಾಷೆಯ ವಿಷಯವಾಗುತ್ತವೆ. ಅವಳೂ ಆ ಗುಂಪಿನಲ್ಲಿರುತ್ತಾಳೆ, ಓದುತ್ತಾಳೆ. ಬಿಟ್ಟು ಹೋದರೆ “ಸೊಕ್ಕು”, ಉತ್ತರ ಬರೆದರೆ “ಬಾಯಿಬಡುಕಿ”. ಇದು ತಮಾಷೆಯಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯ 3ನೇ ಕಲಮು ಮಾತಿನ ಹಿಂಸೆಯನ್ನೂ ಹಿಂಸೆ ಎಂದೇ ಹೇಳುತ್ತದೆ. ಅವಮಾನ, ಗೇಲಿ, ಕೀಳು ಹೆಸರಿನಿಂದ ಕರೆಯುವುದು, ಮಕ್ಕಳಾಗಲಿಲ್ಲ ಅಥವಾ ಗಂಡುಮಗು ಆಗಲಿಲ್ಲ ಎಂದು ಹಂಗಿಸುವುದು ಎಲ್ಲವೂ ಅದರಲ್ಲಿ ಸೇರಿವೆ. 2006ರ ಅಕ್ಟೋಬರ್ 26ರಿಂದ ಈ ಕಾಯ್ದೆ ಜಾರಿಯಲ್ಲಿದೆ. ಮೈಮೇಲೆ ಗಾಯ ತೋರಿಸಲೇಬೇಕೆಂದಿಲ್ಲ. ಸಂರಕ್ಷಣಾಧಿಕಾರಿಯ ಮೂಲಕವೋ ನೇರವಾಗಿಯೋ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟು ರಕ್ಷಣಾ ಆದೇಶ ಕೇಳಬಹುದು.

ಹೊರಗಿನವರ ಬೈಗುಳಕ್ಕೆ ಬೇರೆ ಕಾನೂನಿದೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಆಡಿದ ಮಾತು, ಮಾಡಿದ ಸನ್ನೆ ಮೊದಲು ಭಾರತೀಯ ದಂಡ ಸಂಹಿತೆಯ 509ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮು. ಮೂರು ವರ್ಷದವರೆಗೆ ಶಿಕ್ಷೆ ಇದೆ. ಅಶ್ಲೀಲ ಚಿತ್ರ, ಬರಹ ಹರಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಅನ್ವಯಿಸುತ್ತದೆ. ಅದೇ ಕಾಯ್ದೆಯ 66ಎ ಎಂಬ ಕಲಮನ್ನು 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಯಾರಿಗೋ ಕಿರಿಕಿರಿ ಆಯಿತೆಂದು ಜನರನ್ನು ಜೈಲಿಗೆ ಕಳಿಸುವಷ್ಟು ಅದು ಸಡಿಲವಾಗಿತ್ತು. ರದ್ದಾದದ್ದು ಒಳ್ಳೆಯದೇ ಆಯಿತು. ಪ್ರತಿಯೊಂದು ಒರಟು ಮಾತಿಗೂ ಪೊಲೀಸರನ್ನು ಕರೆಯುವ ಕಾನೂನಿದ್ದರೆ, ನೀರಿನ ಲೆಕ್ಕ ಕೇಳಿದ ನಮ್ಮನ್ನೇ ಅದು ಮೊದಲು ಹಿಡಿಯುತ್ತದೆ.

ಆದ್ದರಿಂದ ಕಾನೂನು ಒಂದು ಕೈ, ಸಂಘಟನೆ ಇನ್ನೊಂದು ಕೈ. ಸಂಘದಲ್ಲಿ ನಾವು ಮಾಡಬಹುದಾದದ್ದು ಇಷ್ಟು.

ಬೈಗುಳ ಬಂದರೆ ಅಳಿಸಬೇಡಿ. ನಂಬರು, ತಾರೀಖು, ಸಮಯ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಅದೇ ಸಾಕ್ಷಿ. ಬೆದರಿಕೆ ಇದ್ದರೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಕೌಟುಂಬಿಕ ಹಿಂಸೆಯಾದರೆ ಹತ್ತಿರದ ಸಾಂತ್ವನ ಕೇಂದ್ರಕ್ಕೆ ಹೋಗಿ.

ಬೈಗುಳಕ್ಕೆ ಬೈಗುಳದಲ್ಲೇ ಉತ್ತರ ಕೊಡಬೇಡಿ. ಇದು ಸಹಿಸಿಕೊಳ್ಳಿ ಎಂಬ ಉಪದೇಶವಲ್ಲ, ಸಹಿಸಿಕೊಂಡದ್ದು ಸಾಕಾಗಿದೆ. ನೀವು ಅವನ ತಾಯಿಯನ್ನು ಬೈದರೆ ನಿಮ್ಮ ಪ್ರಶ್ನೆ ಕಳೆದುಹೋಗುತ್ತದೆ, ಅವನಿಗೆ ಬೇಕಾದದ್ದೂ ಅದೇ. ಪ್ರಶ್ನೆಯನ್ನೇ ಮತ್ತೊಮ್ಮೆ ಬರೆಯಿರಿ: “ಮೋಟಾರಿನ ಹಣ ಏನಾಯಿತು?”

ಬೈಸಿಕೊಂಡವಳನ್ನು ಒಂಟಿಯಾಗಿ ಬಿಡಬೇಡಿ. ನಾಲ್ಕು ಹೆಂಗಸರು ಕೂಡಲೇ “ಈ ಮಾತು ಸರಿಯಲ್ಲ, ವಿಷಯಕ್ಕೆ ಉತ್ತರ ಕೊಡಿ” ಎಂದು ಬರೆದರೆ ಗುಂಪಿನ ಗಾಳಿಯೇ ಬದಲಾಗುತ್ತದೆ. ಆ ಲೆಕ್ಕ ಬರೆಯುವ ಹೆಣ್ಣುಮಗಳ ಸಂಘದವರು ಮಾಡಿದ್ದನ್ನು ಕೇಳಿ. ಮುಂದಿನ ಗ್ರಾಮಸಭೆಗೆ ಹನ್ನೊಂದು ಮಂದಿ ಒಟ್ಟಿಗೆ ಹೋದರು. ಅದೇ ಪ್ರಶ್ನೆಯನ್ನು ಕಾಗದದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ, ಅವಳ ಕೈಯಿಂದಲೇ ಓದಿಸಿದರು. ಹನ್ನೊಂದು ಜನರನ್ನು ಬಜಾರಿ ಎಂದು ಕರೆಯುವ ಧೈರ್ಯ ಅಲ್ಲಿ ಯಾರಿಗೂ ಬರಲಿಲ್ಲ. ಲೆಕ್ಕ ಓದಿ ಹೇಳಲೇಬೇಕಾಯಿತು.

ನಮ್ಮೊಳಗಿನ ಜಗಳಕ್ಕೂ ಒಂದು ಕಟ್ಟುಪಾಡು ಬೇಕು. ಕಂತು, ಸಾಲ, ಲೆಕ್ಕದ ತಕರಾರು ಇದ್ದರೆ ಗುಂಪಿನಲ್ಲಿ ಬರೆಯದೆ ವಾರದ ಸಭೆಯಲ್ಲಿ ಪುಸ್ತಕ ತೆರೆದು, ಎದುರುಬದುರು ಕುಳಿತು ಮಾತಾಡಿ. ಒಬ್ಬಳ ಮಾನ ತೆಗೆಯುವ ಬರಹ, ಫೋಟೋ ನಿಮ್ಮ ಫೋನಿಗೆ ಬಂದರೆ ಅದು ನಿಮ್ಮಲ್ಲೇ ನಿಲ್ಲಲಿ, ಮುಂದಕ್ಕೆ ಕಳಿಸಬೇಡಿ. ಗಂಡ ಸತ್ತವಳನ್ನು, ಮಕ್ಕಳಿಲ್ಲದವಳನ್ನು, ಗಂಡನನ್ನು ಬಿಟ್ಟವಳನ್ನು ಆ ಸಂಗತಿ ಹಿಡಿದು ಹಂಗಿಸುವ ಪದ ನಮ್ಮ ಬಾಯಿಂದ ಬರಬಾರದು. ನಮ್ಮ ಗಂಡುಮಕ್ಕಳ ಬಾಯಿಂದಲೂ ಬರದಂತೆ ನೋಡಿಕೊಳ್ಳುವುದು ಮನೆಯ ಕೆಲಸ. ಮಗ ಮೊದಲ ಸಲ ಆ ಪದ ಆಡಿದಾಗ ನಕ್ಕುಬಿಟ್ಟರೆ, ನಾಳೆ ಅವನ ಹೆಂಡತಿ ಸಲಹಾ ಕೇಂದ್ರದ ಬಾಗಿಲಲ್ಲಿ ನಿಂತಿರುತ್ತಾಳೆ.

ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಿಮಗೆ ಗೊತ್ತು. ಜಗಳವೇ ಬೇಡ ಎಂದು ನಾನು ಹೇಳುವುದಿಲ್ಲ. ಕೂಲಿಗಾಗಿ, ನೀರಿಗಾಗಿ, ತವರಿನವರು ಕೊಟ್ಟ ನಮ್ಮ ಒಡವೆಗಾಗಿ ನಾವು ಜಗಳ ಆಡಲೇಬೇಕು. ಆದರೆ ಆ ಜಗಳದಲ್ಲಿ ಇನ್ನೊಬ್ಬ ಹೆಣ್ಣಿನ ದುಃಖ ಬೈಗುಳವಾಗದಿರಲಿ. ಈ ವಾರದ ಸಭೆಯಲ್ಲಿ ನಡವಳಿ ಪುಸ್ತಕದಲ್ಲಿ ಒಂದು ಠರಾವು ಬರೆಯಿರಿ: “ನಮ್ಮ ಸಂಘದಲ್ಲಿ ವಿಷಯವನ್ನು ಕೇಳುತ್ತೇವೆ, ಯಾರಿಗೂ ಕೀಳು ಹೆಸರು ಇಡುವುದಿಲ್ಲ. ನಮ್ಮವಳಿಗೆ ಯಾರಾದರೂ ಕೀಳು ಹೆಸರಿಟ್ಟರೆ ಎಲ್ಲರೂ ಒಟ್ಟಿಗೆ ಉತ್ತರ ಕೊಡುತ್ತೇವೆ.” ಕೆಳಗೆ ಎಲ್ಲರೂ ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ.